‘ರಿಸರ್ಚ್‌ಗೆ ಮಗುವನ್ನು ಸೇರಿಸಿ ಅಂತಾರೆ, ಸೇರಿಸಬಹುದಾ?’

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆ, ಬೇಲೂರು ತಾಲ್ಲೂಕಿನ ಒಂದು ಹಳ್ಳಿ. ಮಗಳಿಗೆ ಐದು ವರ್ಷ. ನಡೆಯಲು ಶುರುಮಾಡಿದ್ದು ಎರಡು ವರ್ಷ ದಾಟಿದ ಮೇಲೆ. ಮಾತು ನಾಲ್ಕೈದು ಪದ ಅಷ್ಟೇ. ಆಟಿಸಂ ಇದೆ ಎಂದು ಹಾಸನದಲ್ಲಿ ಹೇಳಿದರು. ಮೂರನೇ ವರ್ಷದಿಂದ ಫಿಟ್ಸ್ ಕೂಡ ಬರುತ್ತಿದೆ. ಊಟ ಮಾಡುವಾಗ ರೆಪ್ಪೆ ಪಟಪಟ ಬಡಿಯುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ಹೋಗುತ್ತದೆ, ಕೈಯಲ್ಲಿದ್ದ ತುತ್ತು ಹಾಗೇ ನಿಂತುಬಿಡುತ್ತದೆ. ಬೆಂಗಳೂರಿನಲ್ಲಿ ಜೀನ್ ಪರೀಕ್ಷೆ ಮಾಡಿಸಿದೆವು. ಸಿನ್‌ಗ್ಯಾಪ್-1 ಎಂಬ ಜೀನಿನಲ್ಲಿ ದೋಷ ಇದೆ ಎಂದು ಬಂತು. ನಮ್ಮಿಬ್ಬರ ರಕ್ತದಲ್ಲಿ ಅದು ಇಲ್ಲವಂತೆ. ಈಗ ಅಲ್ಲಿನ ಡಾಕ್ಟರು ಒಂದು ಸಂಶೋಧನೆಗೆ ಮಗುವನ್ನು ಸೇರಿಸುತ್ತೀರಾ ಎಂದು ಕೇಳುತ್ತಿದ್ದಾರೆ. ನಾನು ಸೋದರಮಾವನನ್ನೇ ಮದುವೆ ಆಗಿರುವುದು. ನಮ್ಮ ಅಜ್ಜಿ, ಅಂದರೆ ಅತ್ತೆಯೂ ಅವರೇ, ‘ಕೂಸಿನ ಮೇಲೆ ಪ್ರಯೋಗ ಬೇಡ’ ಅಂತಾರೆ. ಯಜಮಾನರು ಸ್ಟೆಮ್ ಸೆಲ್ ಮಾಡಿಸೋಣ ಅಂತ ದುಡ್ಡು ಹೊಂದಿಸುತ್ತಿದ್ದಾರೆ. ಸಂಬಂಧದಲ್ಲಿ ಮದುವೆ ಆಗಿದ್ದಕ್ಕೇ ಹೀಗಾಯಿತು ಅಂತ ಊರಲ್ಲಿ ಮಾತು. ಇನ್ನೊಂದು ಮಗು ಮಾಡಿಕೊಳ್ಳಬಹುದಾ ಅನ್ನೋದೂ ಗೊತ್ತಾಗುತ್ತಿಲ್ಲ. ದಾರಿ ತೋರಿಸಿ.

ಉತ್ತರ: ಪತ್ರದಲ್ಲಿರುವ ಎಲ್ಲ ಪ್ರಶ್ನೆಗಳಲ್ಲಿ ನಿಮ್ಮ ಅಜ್ಜಿಯದೇ ಗಟ್ಟಿ ಪ್ರಶ್ನೆ. ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಮುಂದಿನ ಸಲ ಬೆಂಗಳೂರಿಗೆ ಹೋದಾಗ ಡಾಕ್ಟರಿಗೆ ನೇರವಾಗಿ ಕೇಳಿ: ‘ಈ ಸಂಶೋಧನೆಯಲ್ಲಿ ಮಗುವಿಗೆ ಹೊಸ ಔಷಧಿ ಕೊಡುತ್ತೀರಾ, ಅಥವಾ ಮಗುವನ್ನು ಗಮನಿಸುತ್ತಾ ಬರೆದಿಟ್ಟುಕೊಳ್ಳುತ್ತೀರಾ?’ ಎರಡಕ್ಕೂ ನಾವು ವೈದ್ಯರು ರಿಸರ್ಚ್ ಅಂತಲೇ ಹೇಳಿಬಿಡುತ್ತೇವೆ. ತಪ್ಪು ನಮ್ಮ ಕಡೆಯವರದ್ದೇ. ಸಿನ್‌ಗ್ಯಾಪ್-1 ಮಕ್ಕಳ ಮನೆಯವರಿಗೆ ಬರುವ ಕರೆ ಹೆಚ್ಚಾಗಿ ಎರಡನೇ ಬಗೆಯದು. ರೋಗ ತನ್ನ ಪಾಡಿಗೆ ಹೇಗೆ ಸಾಗುತ್ತದೆ, ಯಾವ ವಯಸ್ಸಿಗೆ ಏನು ಬದಲಾಗುತ್ತದೆ ಎಂದು ವರ್ಷಗಟ್ಟಲೆ ನೋಡುವ ಅಧ್ಯಯನ ಅದು. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಕರೆಯುತ್ತಾರೆ. ಎತ್ತರ, ತೂಕ, ತಲೆಯ ಸುತ್ತಳತೆ ಅಳೆಯುತ್ತಾರೆ. ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಪರೀಕ್ಷೆ ಮಾಡುತ್ತಾರೆ. ಮಗು ಏನು ತಿನ್ನುತ್ತದೆ, ಹೇಗೆ ಮಲಗುತ್ತದೆ, ಬೇಕಾದ್ದನ್ನು ಹೇಗೆ ಕೇಳುತ್ತದೆ ಎಂದು ನಿಮ್ಮನ್ನು ಕೂರಿಸಿಕೊಂಡು ಕೇಳುತ್ತಾರೆ. ಒಂದಿಷ್ಟು ರಕ್ತ ತೆಗೆದಿಡಬಹುದು. ಈಗ ಕೊಡುತ್ತಿರುವ ಔಷಧಿಯಲ್ಲಿ ಒಂದು ಗುಳಿಗೆಯೂ ಸಂಶೋಧನೆಗೋಸ್ಕರ ಬದಲಾಗುವುದಿಲ್ಲ.

ನಿಮ್ಮನ್ನು ಕರೆದಿರುವುದು ಇಂಥ ಅಧ್ಯಯನಕ್ಕಾದರೆ ಸೇರಿಸಿ. ಇದು ನನ್ನ ಸ್ಪಷ್ಟ ಅಭಿಪ್ರಾಯ.

ಯಾಕೆ ಅಂದರೆ, ಮಕ್ಕಳಲ್ಲಿ ಈ ಕಾಯಿಲೆ ಹೇಗಿರುತ್ತದೆ ಎಂದು ಇವತ್ತು ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಹೀಗೆ ಸೇರಿಕೊಂಡ ಕೆಲವೇ ಕುಟುಂಬಗಳಿಂದ ಬಂದಿದ್ದು. ಸಿನ್‌ಗ್ಯಾಪ್ ಅನ್ನುವ ಪ್ರೋಟೀನು ಮಿದುಳಿನ ನರಕೋಶಗಳು ಒಂದಕ್ಕೊಂದು ಕೂಡುವ ಜಾಗದಲ್ಲಿ ಇರುತ್ತದೆ ಎಂದು 1998ರಲ್ಲಿ ಗೊತ್ತಾಯಿತು. ಅದು ಮಕ್ಕಳ ಕಾಯಿಲೆಗೂ ಕಾರಣ ಎಂದು ತಿಳಿಯಲು 2009 ಆಗಬೇಕಾಯಿತು. ಕೆನಡಾದ ಮಾಂಟ್ರಿಯಲ್‌ನ ತಂಡವೊಂದು, ಕಾರಣ ಸಿಗದೆ ಬುದ್ಧಿ ಬೆಳವಣಿಗೆ ಕುಂಠಿತವಾಗಿದ್ದ 94 ಜನರ ಜೀನ್ ಓದಿತು. ಮೂವರಲ್ಲಿ ಈ ದೋಷ ಸಿಕ್ಕಿತು. ಮೂವರೇ! ಆಮೇಲೆ ಹತ್ತು ವರ್ಷ ಹಲವು ದೇಶದ ವೈದ್ಯರು ಒಬ್ಬೊಬ್ಬರನ್ನೇ ಕೂಡಿಸಿಕೊಂಡು, 2019ರಲ್ಲಿ 57 ಜನರ ವಿವರ ಪ್ರಕಟಿಸಿದರು. ಆ 57ರಲ್ಲಿ 56 ಮಂದಿಗೆ ಫಿಟ್ಸ್ ಇತ್ತು. ಅರ್ಧದಷ್ಟು ಜನರಿಗೆ ಆಟಿಸಂ ಇತ್ತು. ರೆಪ್ಪೆ ಬಡಿಯುವ ಫಿಟ್ಸ್ ಬಹಳ ಜನರಲ್ಲಿತ್ತು. ಸುಮಾರು ಕಾಲು ಭಾಗ ಜನರಿಗೆ ಊಟ ಮಾಡುವಾಗಲೇ ಫಿಟ್ಸ್ ಬರುತ್ತಿತ್ತು.

ನೀವು ಬರೆದಿರುವ ‘ತುತ್ತು ಹಾಗೇ ನಿಂತುಬಿಡುತ್ತದೆ’ ಎಂಬ ಸಾಲು ಓದಿದ ಕೂಡಲೇ ನನಗೆ ವಿಷಯ ಹೊಳೆಯಿತು. ಅದು ಮಗುವಿನ ಹಟ ಅಲ್ಲ, ಊಟ ಸೇರದೆ ಮಾಡುವ ಮೊಂಡಾಟವೂ ಅಲ್ಲ. ಬೇರೆ ದೇಶದ ಯಾವುದೋ ತಾಯಂದಿರು ತಾವು ಕಂಡದ್ದನ್ನು ಹೇಳಿಕೊಂಡಿದ್ದರಿಂದ ಇವತ್ತು ಬೇಲೂರಿನ ಒಂದು ಮಗುವಿನ ಊಟದ ತಟ್ಟೆಯ ಮುಂದೆ ಏನಾಗುತ್ತಿದೆ ಎಂದು ಹೇಳಲು ಆಗುತ್ತಿದೆ.

ಅದೇ ಅಧ್ಯಯನದಿಂದ ಬಂದ ಇನ್ನೊಂದು ವಿಷಯ ನಿಮ್ಮ ಮನೆಗೆ ಬೇಕು. ಈ ಮಕ್ಕಳಲ್ಲಿ ಬಹಳ ಜನಕ್ಕೆ ನೋವು ಅಷ್ಟಾಗಿ ಗೊತ್ತಾಗುವುದಿಲ್ಲ. ಬಿದ್ದರೂ ಅಳುವುದಿಲ್ಲ, ಸುಟ್ಟುಕೊಂಡರೂ ಕೂಗುವುದಿಲ್ಲ. ಹಾಗಾಗಿ ಒಲೆ, ನೀರೊಲೆ ಕಡೆ ಜಾಸ್ತಿ ಎಚ್ಚರ ಇರಲಿ. ಸ್ನಾನ ಮಾಡಿಸುವಾಗ ಮೈಯೆಲ್ಲ ಒಮ್ಮೆ ನೋಡಿ. ಇದ್ದಕ್ಕಿದ್ದಂತೆ ಮಗು ರಂಪ ಮಾಡತೊಡಗಿದರೆ ಕಿವಿ, ಹಲ್ಲು ಪರೀಕ್ಷೆ ಮಾಡಿಸಿ.

ಈಗ ಔಷಧಿ ಪ್ರಯೋಗದ ವಿಷಯ. ಇವತ್ತಲ್ಲದಿದ್ದರೂ ಕೆಲವು ವರ್ಷ ಬಿಟ್ಟು ಆ ಕರೆಯೂ ಬರಬಹುದು. ಆಗ ಗಾಬರಿ ಬೇಡ, ಅತಿಯಾಸೆಯೂ ಬೇಡ. ಅದಕ್ಕೆ ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಮಗೆಲ್ಲ ಪ್ರತಿ ಜೀನಿಗೂ ಎರಡು ಪ್ರತಿ ಇರುತ್ತವೆ. ಒಂದು ತಾಯಿಯದು, ಒಂದು ತಂದೆಯದು. ನಿಮ್ಮ ಮಗಳಲ್ಲಿ ಒಂದು ಪ್ರತಿ ಕೆಲಸ ಮಾಡುತ್ತಿಲ್ಲ. ಇನ್ನೊಂದು ಸರಿಯಾಗಿಯೇ ಇದೆ. ಆದರೆ ಅದೊಂದರಿಂದ ಬೇಕಾದಷ್ಟು ಪ್ರೋಟೀನು ತಯಾರಾಗುತ್ತಿಲ್ಲ, ಅರ್ಧ ಮಾತ್ರ ಸಿಗುತ್ತಿದೆ. ನರಕೋಶಗಳ ಸಂಕೇತಕ್ಕೆ ಕಡಿವಾಣ ಹಾಕುವುದು ಈ ಪ್ರೋಟೀನಿನ ಕೆಲಸ. ಅದು ಕಮ್ಮಿಯಾದಾಗ ನರಕೋಶಗಳ ನಡುವಿನ ಕೊಂಡಿಗಳು ಅವಧಿಗೆ ಮೊದಲೇ ಬಲಿತುಬಿಡುತ್ತವೆ ಎಂದು 2012ರಲ್ಲಿ ಇಲಿಗಳಲ್ಲಿ ತೋರಿಸಿದರು. ಆ ಪ್ರಬಂಧದ ಲೇಖಕರಲ್ಲಿ ಒಬ್ಬರಾದ ಜೇಮ್ಸ್ ಕ್ಲೆಮೆಂಟ್ ಆಮೇಲೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಇದೇ ಜೀನಿನ ಮೇಲೆ ಪ್ರಯೋಗಾಲಯ ಕಟ್ಟಿದರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ‘ಇದೆಲ್ಲ ಅಮೆರಿಕದವರಿಗೆ, ನಮಗಲ್ಲ’ ಎಂದು ಎಷ್ಟೋ ಅಪ್ಪಂದಿರು ನನ್ನ ಮುಂದೆ ಕೈಚೆಲ್ಲುತ್ತಾರೆ. ಕೆಲಸ ನಮ್ಮಲ್ಲೂ ನಡೆದಿದೆ.

2019ರಲ್ಲಿ ಇನ್ನೊಂದು ಇಲಿ ಪ್ರಯೋಗದ ಫಲಿತಾಂಶ ಬಂತು. ಬೆಳೆದ ಇಲಿಗಳಲ್ಲಿ ಪ್ರೋಟೀನನ್ನು ಮತ್ತೆ ಸರಿ ಪ್ರಮಾಣಕ್ಕೆ ತಂದಾಗ, ನೆನಪಿನ ಶಕ್ತಿಯಲ್ಲೂ ಮಿದುಳಿನ ವಿದ್ಯುತ್ ಚಟುವಟಿಕೆಯಲ್ಲೂ ಸುಧಾರಣೆ ಕಂಡಿತು. ಹಾಗಾಗಿ ವಯಸ್ಸು ಮೀರಿದ ಮೇಲೆ ಏನೂ ಮಾಡಲಾಗದು ಎಂದು ಹೇಳುವಂತಿಲ್ಲ. ಆರೋಗ್ಯವಾಗಿರುವ ಆ ಇನ್ನೊಂದು ಪ್ರತಿಯಿಂದಲೇ ಹೆಚ್ಚು ಪ್ರೋಟೀನು ತಯಾರಾಗುವಂತೆ ಮಾಡುವ ಔಷಧಿಗಳನ್ನು ಹುಡುಕುತ್ತಿದ್ದಾರೆ. ಇದೇ ಉಪಾಯದ ಔಷಧಿಯೊಂದು, ಹೆಸರು ಜೊರೆವುನರ್ಸೆನ್, ಡ್ರಾವೆ ಸಿಂಡ್ರೋಮ್ ಎಂಬ ಇನ್ನೊಂದು ಫಿಟ್ಸ್ ಕಾಯಿಲೆಗೆ ಮೂರನೇ ಹಂತದ ಪ್ರಯೋಗದವರೆಗೆ ಬಂದಿದೆ. ಅದನ್ನು ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಸೂಜಿಯಿಂದ ಕೊಡಬೇಕು. ಒಂದು ಸಲ ಕೊಟ್ಟು ಮುಗಿಯುವುದಿಲ್ಲ, ಕೆಲವು ತಿಂಗಳಿಗೊಮ್ಮೆ ಮತ್ತೆ ಮತ್ತೆ ಕೊಡುತ್ತಿರಬೇಕು.

ಆದರೆ ಇಲಿ ಸುಧಾರಿಸಿದ ಮಾತ್ರಕ್ಕೆ ಮಗು ಸುಧಾರಿಸುತ್ತದೆ ಅಂತ ಇಲ್ಲ. ಫ್ರಜೈಲ್ ಎಕ್ಸ್ ಎಂಬ ಕಾಯಿಲೆಯ ಕಥೆ ನೋಡಿ. ಆಟಿಸಂ ತರುವ ಜೀನ್ ದೋಷಗಳಲ್ಲಿ ಅದು ಹೆಚ್ಚು ಪರಿಚಿತವಾದದ್ದು. ಜೀನ್ 1991ರಲ್ಲೇ ಸಿಕ್ಕಿತು. ಇಲಿಗಳಲ್ಲಿ ಮಾವೊಗ್ಲುರಾಂಟ್, ಆರ್ಬಾಕ್ಲೊಫೆನ್ ಅನ್ನುವ ಔಷಧಿಗಳು ಚೆನ್ನಾಗಿ ಕೆಲಸ ಮಾಡಿದವು. ಜನರ ಮೇಲೆ ಪ್ರಯೋಗ ಮಾಡಿದಾಗ ನಿರೀಕ್ಷಿಸಿದ ಫಲ ಬರಲಿಲ್ಲ. ಔಷಧಿಯೇ ಕೆಲಸಕ್ಕೆ ಬಾರದೆ ಸೋತಿತೋ, ಬದಲಾವಣೆಯನ್ನು ಅಳೆಯುವ ಅಳತೆಗೋಲೇ ಸರಿ ಇರಲಿಲ್ಲವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಮಾತೇ ಇಲ್ಲದ ಮಗುವಿನಲ್ಲಿ ‘ಸುಧಾರಣೆ’ ಅಂದರೆ ಯಾವುದು? ಹೆಸರು ಕೂಗಿದಾಗ ತಿರುಗಿ ನೋಡುವುದಾ? ರಾತ್ರಿ ಎಚ್ಚರವಾಗದೆ ಮಲಗುವುದಾ? ಚಡ್ಡಿಯಲ್ಲಿ ಮಾಡಿಕೊಳ್ಳದೆ ಹೇಳುವುದಾ? ಇದಕ್ಕೆ ಮೊದಲೇ ಒಂದು ಅಳತೆ ಇಟ್ಟುಕೊಳ್ಳದಿದ್ದರೆ ಒಳ್ಳೆ ಔಷಧಿ ಬಂದರೂ ಅದರ ಗುಣ ಕಾಣಿಸದೇ ಹೋಗಬಹುದು. ಅದಕ್ಕೇ ಮೊದಲು ಗಮನಿಸುವ ಅಧ್ಯಯನ ಬೇಕು ಅಂದಿದ್ದು.

ಸುಳ್ಳು ಗುಳಿಗೆಯ ವಿಷಯವೂ ಹೇಳಿಬಿಡುತ್ತೇನೆ. ಔಷಧಿ ಪ್ರಯೋಗದಲ್ಲಿ ಅರ್ಧ ಜನಕ್ಕೋ ಮೂರನೇ ಒಂದು ಭಾಗಕ್ಕೋ ಔಷಧಿಯಿಲ್ಲದ, ನೋಡಲು ಹಾಗೇ ಇರುವ ಗುಳಿಗೆ ಕೊಡುತ್ತಾರೆ. ಯಾರಿಗೆ ಯಾವುದು ಎಂದು ಮನೆಯವರಿಗೂ ಗೊತ್ತಿರುವುದಿಲ್ಲ, ನೋಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ. ಕೇಳಿದವರಿಗೆ ಇದು ಮೋಸ ಅನ್ನಿಸುತ್ತದೆ. ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯ ಲೆಕ್ಕ ಕೇಳಿ. ಅದೂ ಜೀನ್ ದೋಷವೇ, ಅದರಲ್ಲೂ ಫಿಟ್ಸ್ ಮತ್ತು ಆಟಿಸಂ ಎರಡೂ ಜೊತೆಗೆ ಬರುತ್ತವೆ. ಮಗುವಿನ ಮೈಮೇಲೆ ಎಲೆಯಾಕಾರದ ಬಿಳಿ ಮಚ್ಚೆಗಳು ಇರುತ್ತವೆ. ಎವರೊಲಿಮಸ್ ಎಂಬ ಔಷಧಿಯನ್ನು 366 ರೋಗಿಗಳಲ್ಲಿ ಪ್ರಯೋಗಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚು ಪ್ರಮಾಣದ ಔಷಧಿ ಪಡೆದವರಲ್ಲಿ ನೂರಕ್ಕೆ 40 ಮಂದಿಗೆ ಫಿಟ್ಸ್ ಅರ್ಧಕ್ಕರ್ಧ ಕಡಿಮೆ ಆಯಿತು. ಸುಳ್ಳು ಗುಳಿಗೆ ತೆಗೆದುಕೊಂಡವರಲ್ಲೂ ನೂರಕ್ಕೆ 15 ಮಂದಿಗೆ ಹಾಗೇ ಆಯಿತು! ಫಿಟ್ಸ್ ತನ್ನಷ್ಟಕ್ಕೇ ಏರುತ್ತದೆ, ಇಳಿಯುತ್ತದೆ. ತುಂಬಾ ಜಾಸ್ತಿ ಆದಾಗಲೇ ನಾವು ಹೊಸ ಔಷಧಿ ಹುಡುಕಿಕೊಂಡು ಹೋಗುತ್ತೇವೆ, ಆಮೇಲೆ ಅದು ಎಷ್ಟೋ ಸಲ ತಾನಾಗೇ ಇಳಿಯುತ್ತದೆ. ಪಕ್ಕದಲ್ಲಿ ಸುಳ್ಳು ಗುಳಿಗೆಯ ಗುಂಪು ಇರದಿದ್ದರೆ ಆ 15ನ್ನೂ ಔಷಧಿಯ ಲೆಕ್ಕಕ್ಕೇ ಬರೆದುಬಿಡುತ್ತಿದ್ದರು. ಪ್ರಯೋಗ ನಡೆಯುವಾಗ ಮಗು ಮೊದಲಿಂದ ತೆಗೆದುಕೊಳ್ಳುತ್ತಿದ್ದ ಫಿಟ್ಸ್ ಔಷಧಿ ನಿಲ್ಲಿಸುವುದಿಲ್ಲ. ಹೊಸದು ಅದರ ಮೇಲೆ ಸೇರುತ್ತದೆ. ಇದನ್ನು ಅಜ್ಜಿಗೆ ಹೇಳಿ.

ಅದೇ ಎವರೊಲಿಮಸ್ ಆಟಿಸಂ ಮತ್ತು ಕಲಿಕೆಯ ಮೇಲೆ ಏನಾದರೂ ಮಾಡುತ್ತದಾ ಎಂದು ಬೇರೆ ಪ್ರಯೋಗಗಳಲ್ಲಿ ನೋಡಿದರು. ಫಲ ಕಾಣಲಿಲ್ಲ. ಫಿಟ್ಸ್ ಹತೋಟಿಗೆ ಬಂದರೆ ಮಾತು ತಾನೇ ಬರುತ್ತದೆ ಎಂದು ಕಾಯುತ್ತಾ ಕೂರುವ ಮನೆಯವರನ್ನು ನಾನು ತುಂಬಾ ನೋಡುತ್ತೇನೆ. ಎರಡಕ್ಕೂ ಕಾರಣ ಒಂದೇ ಜೀನ್ ಆದರೂ, ಎರಡಕ್ಕೂ ಬೇರೆ ಬೇರೆ ಕೆಲಸ ಮಾಡಬೇಕು. ಮಾತಿನ ತರಬೇತಿ, ಕೈಕಾಲಿನ ತರಬೇತಿ ಈಗಿಂದಲೇ ನಡೆಯಲಿ. ಹಾಸನದ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಶೀಘ್ರ ಪತ್ತೆ ಮತ್ತು ಆರೈಕೆ ಕೇಂದ್ರದ ಬಗ್ಗೆ ವಿಚಾರಿಸಿ. ಮಾತಿನ ವಿಷಯಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಹೋಗಿಬನ್ನಿ. ಬೇಲೂರಿನವರಿಗೆ ಬೆಂಗಳೂರಿಗಿಂತ ಅದೇ ಹತ್ತಿರ. ಚಿತ್ರ ತೋರಿಸಿ ಕೇಳುವುದನ್ನು ಕಲಿಸಿದರೆ ಮಾತು ಬರುವುದು ನಿಂತುಹೋಗುತ್ತದೆ ಎಂಬ ಭಯ ಬೇಡ, ಹಾಗೇನೂ ಆಗುವುದಿಲ್ಲ.

ಫಿಟ್ಸ್ ವಿಷಯಕ್ಕೆ ಬರೋಣ. ಇಲ್ಲಿ ನಿಮ್ಮ ಮೊಬೈಲೇ ದೊಡ್ಡ ಉಪಕಾರ ಮಾಡುತ್ತದೆ. ಊಟಕ್ಕೆ ಕೂರಿಸಿದಾಗ ಮುಂದೆ, ಮುಖದ ಮಟ್ಟಕ್ಕೆ ಫೋನ್ ಇಟ್ಟು ವಿಡಿಯೋ ಮಾಡಿ. ಕಣ್ಣು ಸ್ಪಷ್ಟವಾಗಿ ಕಾಣಬೇಕು. ಬೆಳಕು ಮಗುವಿನ ಮುಖದ ಮೇಲೆ ಬೀಳಲಿ, ಬೆನ್ನ ಹಿಂದೆ ಬೇಡ. ಇಇಜಿ ಮಾಡುವಾಗಲೂ ಒಂದು ಡಬ್ಬಿಯಲ್ಲಿ ಮಗುವಿಗೆ ಇಷ್ಟವಾದ ತಿಂಡಿ ತೆಗೆದುಕೊಂಡು ಹೋಗಿ, ತಿನ್ನಿಸುತ್ತಲೇ ಇಇಜಿ ಮಾಡಲು ಕೇಳಿ. ಮಲಗಿಸಿ ಅರ್ಧ ಗಂಟೆ ಮಾಡಿದ ಇಇಜಿಯಲ್ಲಿ ಕಾಣದ್ದು ಒಂದು ಕೋಡುಬಳೆಯಲ್ಲಿ ಕಾಣಬಹುದು! ಒಂದು ನೋಟ್‌ಬುಕ್‌ನಲ್ಲಿ ದಿನಾಂಕ, ಹೊತ್ತು, ಏನು ಮಾಡುತ್ತಿದ್ದಳು, ಎಷ್ಟು ಹೊತ್ತು ಎಂದು ಬರೆಯುತ್ತಾ ಹೋಗಿ. ಸಂಶೋಧನೆಯ ತಂಡ ನಿಮ್ಮಿಂದ ಮೊದಲು ಕೇಳುವುದು ಇದನ್ನೇ.

ರೆಪ್ಪೆ ಬಡಿಯುವ ಫಿಟ್ಸ್ ಇರುವ ಕೆಲವು ಮಕ್ಕಳಿಗೆ ಮಿಣುಕುವ ಬೆಳಕು ಆಗುವುದಿಲ್ಲ. ನಮ್ಮ ಮಲೆನಾಡ ರಸ್ತೆಯಲ್ಲಿ, ಎರಡೂ ಕಡೆ ಸಿಲ್ವರ್ ಓಕ್ ಸಾಲು ಇರುವಲ್ಲಿ, ಬೈಕಿನ ಮುಂದೆ ಮಗುವನ್ನು ಕೂರಿಸಿಕೊಂಡು ಬಿಸಿಲಲ್ಲಿ ಹೋಗುತ್ತೇವೆ ಅಲ್ವಾ? ಬಿಸಿಲು ನೆರಳು, ಬಿಸಿಲು ನೆರಳು ಎಂದು ಕಣ್ಣಿಗೆ ಹೊಡೆಯುತ್ತದೆ. ಆ ಹೊತ್ತಲ್ಲಿ ರೆಪ್ಪೆ ಬಡಿಯುವುದು ಜಾಸ್ತಿ ಆಗುತ್ತದಾ ನೋಡಿ. ಜಾಸ್ತಿ ಆದರೆ ಅದನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ. ಮುಂದೆ ಕೂರಿಸಿಕೊಳ್ಳುವುದನ್ನಂತೂ ಬಿಡಿ.

ಔಷಧಿಯನ್ನು ಪತ್ರದಲ್ಲಿ ಬರೆದುಕೊಡಲು ಬರುವುದಿಲ್ಲ. ಎರಡು ಮಾತು ಮಾತ್ರ ಹೇಳುತ್ತೇನೆ. ಎಲ್ಲ ಕಡೆ ಸುಲಭವಾಗಿ ಸಿಗುವ ಕಾರ್ಬಮಜೆಪಿನ್ ಎಂಬ ಫಿಟ್ಸ್ ಔಷಧಿ ಇಂಥ ರೆಪ್ಪೆ ಬಡಿಯುವ, ಬೆಚ್ಚುವ ಫಿಟ್ಸ್‌ಗಳನ್ನು ಜಾಸ್ತಿ ಮಾಡಬಹುದು. ಚೀಟಿಯಲ್ಲಿ ಅದು ಇದ್ದರೆ ನೀವಾಗಿ ನಿಲ್ಲಿಸಬೇಡಿ, ನಿಮ್ಮ ಡಾಕ್ಟರಿಗೆ ಜೀನ್ ರಿಪೋರ್ಟ್ ತೋರಿಸಿ ಕೇಳಿ. ಲೆವೆಟಿರಾಸಿಟಂ ಎಂಬ ಇನ್ನೊಂದು ಫಿಟ್ಸ್ ಔಷಧಿ ಶುರುಮಾಡಿದ ಮೇಲೆ ಕೆಲವು ಮಕ್ಕಳಲ್ಲಿ ಸಿಟ್ಟು, ಕಚ್ಚುವುದು, ಹೊಡೆಯುವುದು ಹೆಚ್ಚಾಗುತ್ತದೆ. ಅದನ್ನು ಆಟಿಸಂ ಜಾಸ್ತಿ ಆಯಿತು ಅಂದುಕೊಳ್ಳಬೇಡಿ, ಯಾವ ವಾರದಿಂದ ಶುರುವಾಯಿತು ಎಂದು ಗುರುತು ಹಾಕಿಕೊಳ್ಳಿ.

ದೊಡ್ಡ ಫಿಟ್ಸ್ ಬಂದರೆ ಒಂದು ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ನೀರು, ಚಮಚ, ಬೆರಳು ಏನೂ ಬೇಡ. ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು ನಮ್ಮ ಕಡೆ ಇನ್ನೂ ಇದೆ. ಅದರಿಂದ ಫಿಟ್ಸ್ ನಿಲ್ಲುವುದಿಲ್ಲ, ಹೊತ್ತು ಹೋಗುತ್ತದೆ ಅಷ್ಟೇ. ಐದು ನಿಮಿಷ ದಾಟಿದರೆ ಮೂಗಿಗೆ ಹೊಡೆಯುವ ಮಿಡಜೋಲಾಂ ಸ್ಪ್ರೇ ಕೊಡಬೇಕು. ಆಸ್ಪತ್ರೆಯಿಂದ ದೂರ ಇರುವ ನಿಮ್ಮಂಥವರ ಮನೆಯಲ್ಲಿ ಅದು ಇರಲೇಬೇಕು. ತೂಕಕ್ಕೆ ಸರಿಯಾಗಿ ಎಷ್ಟು ಸಲ ಒತ್ತಬೇಕು ಎಂದು ಡಾಕ್ಟರ ಹತ್ತಿರ ಬರೆಸಿಕೊಂಡು, ಆ ಚೀಟಿಯನ್ನು ಸ್ಪ್ರೇ ಜೊತೆಗೇ ರಬ್ಬರ್ ಬ್ಯಾಂಡ್ ಹಾಕಿ ಇಡಿ. ಅಜ್ಜಿಗೂ ಒತ್ತುವುದನ್ನು ತೋರಿಸಿಕೊಡಿ.

ಇಲ್ಲಿ ನಿಮ್ಮ ಪ್ರಶ್ನೆ ಸ್ವಲ್ಪ ಬದಿಗಿಟ್ಟು ಉಳಿದ ಓದುಗರಿಗೆ ಒಂದು ಮಾತು. ತಲೆಗೆ ಬಿಸಿನೀರು ಹೊಯ್ದಾಗ ಬರುವ ಫಿಟ್ಸ್ ನಮ್ಮ ದಕ್ಷಿಣ ಕರ್ನಾಟಕದಲ್ಲಿ ಎದ್ದು ಕಾಣುವಷ್ಟು ಇದೆ. ನಿಮ್ಹಾನ್ಸ್‌ನವರು ಅದನ್ನು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಹೆಚ್ಚಿನವರು ಬೇರೆಲ್ಲ ವಿಷಯದಲ್ಲಿ ಆರೋಗ್ಯವಾಗಿಯೇ ಇರುತ್ತಾರೆ. ನೀರಿನ ಬಿಸಿ ಇಳಿಸಿದರೆ, ಬೇಕಾದರೆ ತಲೆಸ್ನಾನಕ್ಕೆ ಮೊದಲು ಕ್ಲೊಬಜಾಮ್ ಎಂಬ ಔಷಧಿ ತೆಗೆದುಕೊಂಡರೆ ಹತೋಟಿಗೆ ಬರುತ್ತದೆ. ಕೆಲವರಿಗೆ ಕಾರ್ಬಮಜೆಪಿನ್ ಕೊಡುತ್ತಾರೆ. ತೊಂದರೆ ಏನೆಂದರೆ, ಆಗಲೇ ಹೇಳಿದ ಡ್ರಾವೆ ಸಿಂಡ್ರೋಮ್‌ನಲ್ಲೂ ಬಿಸಿನೀರು, ಜ್ವರ ಎರಡಕ್ಕೂ ಫಿಟ್ಸ್ ಬರುತ್ತದೆ. ಆ ಮಗುವಿಗೆ ಕಾರ್ಬಮಜೆಪಿನ್, ಫಿನಿಟಾಯಿನ್ ಕೊಟ್ಟರೆ ಕೆಡುಕೇ ಜಾಸ್ತಿ. ಒಂದು ವರ್ಷ ತುಂಬುವ ಮೊದಲೇ ಜ್ವರದ ಜೊತೆ ತುಂಬಾ ಹೊತ್ತು, ಮೈಯ ಒಂದೇ ಬದಿಗೆ ಫಿಟ್ಸ್ ಬಂದಿದ್ದು, ಎರಡನೇ ವರ್ಷದಿಂದ ಕಲಿಕೆ ಹಿಂದೆ ಬೀಳುತ್ತಿದ್ದರೆ ‘ಇದು ಬಿಸಿನೀರಿನ ಫಿಟ್ಸ್, ನಮ್ಮ ಮನೆಯಲ್ಲಿ ಎಲ್ಲರಿಗೂ ಇತ್ತು’ ಎಂದು ಸುಮ್ಮನಾಗಬೇಡಿ. ಎಸ್‌ಸಿಎನ್-1ಎ ಎಂಬ ಜೀನಿನ ಪರೀಕ್ಷೆ ಬೇಕಾ ಎಂದು ಕೇಳಿ.

ಸಂಶೋಧನೆಗೆ ಸಹಿ ಹಾಕುವ ಮೊದಲು ನಿಮಗಿರುವ ಹಕ್ಕುಗಳು. ಸಮ್ಮತಿ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿ, ಅಂದರೆ ಕನ್ನಡದಲ್ಲಿ, ಇರಬೇಕು. ಮನೆಗೆ ತಂದು ಓದಿ, ನಾಲ್ಕು ಜನರನ್ನು ಕೇಳಿ ಆಮೇಲೆ ಸಹಿ ಹಾಕಬಹುದು. ಆವತ್ತೇ ಹಾಕಬೇಕು ಎಂದು ಯಾರೂ ಒತ್ತಾಯ ಮಾಡುವಂತಿಲ್ಲ. ಸಹಿ ಹಾಕಿದ ಮೇಲೂ ಯಾವಾಗ ಬೇಕಾದರೂ ಹೊರಗೆ ಬರಬಹುದು, ಅದಕ್ಕಾಗಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಆಸ್ಪತ್ರೆಯ ನೈತಿಕ ಸಮಿತಿ ಒಪ್ಪಿಗೆ ಕೊಟ್ಟಿದೆಯಾ ಎಂದು ಕೇಳಿ. ಔಷಧಿ ಪ್ರಯೋಗವಾದರೆ ಇನ್ನೂ ಬಿಗಿ ನಿಯಮ ಇದೆ. ಭಾರತದಲ್ಲಿ ನಡೆಯುವ ಔಷಧಿ ಪ್ರಯೋಗಗಳು ಸಿಟಿಆರ್‌ಐ ಎಂಬ ನೋಂದಣಿಯಲ್ಲಿ ಇರಲೇಬೇಕು ಎಂಬುದು 2009ರಿಂದ ಕಡ್ಡಾಯ. ಆ ನಂಬರ್ ಕೇಳಿ, ಯಾರಾದರೂ ಓದಿದ ಹುಡುಗರ ಕೈಲಿ ಹುಡುಕಿಸಿ. 2019ರ ಹೊಸ ಔಷಧಿ ಮತ್ತು ಪ್ರಯೋಗ ನಿಯಮದ ಪ್ರಕಾರ, ಪ್ರಯೋಗದಿಂದ ಮಗುವಿಗೆ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು.

ನಾನಾಗಿದ್ದರೆ ಇನ್ನೊಂದು ಮೂರು ವಿಷಯ ಕೇಳುತ್ತಿದ್ದೆ. ಮಗುವಿನ ರಕ್ತ ದೇಶದಿಂದ ಹೊರಗೆ ಹೋಗುತ್ತದಾ, ಹೋದರೆ ಹೆಸರು ತೆಗೆದು ಕಳಿಸುತ್ತಾರಾ? ಹೋಗಿಬರುವ ಖರ್ಚು ಯಾರದು? ಮುಂದೆ ಔಷಧಿ ಪ್ರಯೋಗ ಬಂದರೆ ನಮಗೆ ತಿಳಿಸುತ್ತೀರಾ? ಜೊತೆಗೆ ನಿಮ್ಮ ಅನುಕೂಲವನ್ನೂ ಹೇಳಿಕೊಳ್ಳಿ. ಕಾಫಿ ಕೊಯ್ಲಿನ ತಿಂಗಳಲ್ಲಿ ಬರಲು ಆಗುವುದಿಲ್ಲ, ಮಳೆಗಾಲ ಮುಗಿದ ಮೇಲೆ ಕರೆಯಿರಿ, ನಡುವೆ ಫೋನಿನಲ್ಲಿ ಕೇಳಿ ಎಂದರೆ ಒಳ್ಳೆಯ ತಂಡ ಖಂಡಿತ ಹೊಂದಿಸಿಕೊಳ್ಳುತ್ತದೆ. ಮಗು ಅಧ್ಯಯನವನ್ನು ಮಧ್ಯದಲ್ಲೇ ಬಿಟ್ಟುಬಿಟ್ಟರೆ ನಷ್ಟ ಅವರಿಗೂ ಇದೆಯಲ್ಲ.

ಸ್ಟೆಮ್ ಸೆಲ್ ವಿಷಯ ನಿಮ್ಮ ಯಜಮಾನರಿಗೆ ನಾನು ಹೇಳಿದೆ ಅಂತಲೇ ಹೇಳಿ: ಬೇಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ಸ್ಟೆಮ್ ಸೆಲ್ ಒಪ್ಪಿತ ಚಿಕಿತ್ಸೆ ಆಗಿರುವುದು ಮೂಳೆಮಜ್ಜೆ ಕಸಿಯಂಥ ಕೆಲಸಗಳಿಗೆ, ಮುಖ್ಯವಾಗಿ ರಕ್ತದ ಕಾಯಿಲೆಗಳಿಗೆ. ಆಟಿಸಂ ಆ ಪಟ್ಟಿಯಲ್ಲಿ ಇಲ್ಲ. ಪಟ್ಟಿಯ ಹೊರಗಿನದ್ದೆಲ್ಲ ಸಂಶೋಧನೆ ಮಾತ್ರ, ಸಂಶೋಧನೆಗೆ ಸೇರಿದವರಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಲಕ್ಷಗಟ್ಟಲೆ ಕೇಳುತ್ತಿದ್ದಾರೆ ಎಂದರೆ ಅಲ್ಲಿಗೇ ಗೊತ್ತಾಯಿತು. ಇನ್ನೊಂದು ವಿಷಯ ಯೋಚನೆ ಮಾಡಲು ಹೇಳಿ. ಇಂಥ ಕಡೆ ಸಾಮಾನ್ಯವಾಗಿ ಮಗುವಿನದ್ದೇ ಮೂಳೆಮಜ್ಜೆ ತೆಗೆದು, ಅದೇ ಮಗುವಿಗೆ ಚುಚ್ಚುತ್ತಾರೆ. ಆ ಮಜ್ಜೆಯ ಪ್ರತಿಯೊಂದು ಜೀವಕೋಶದಲ್ಲೂ ಅದೇ ಕೆಟ್ಟ ಸಿನ್‌ಗ್ಯಾಪ್-1 ಪ್ರತಿ ಕೂತಿರುತ್ತದೆ. ಅದನ್ನು ಬೆನ್ನಿಗೆ ಚುಚ್ಚಿದರೆ ಮಿದುಳಿಗೆ ಹೊಸ ಪ್ರೋಟೀನು ಎಲ್ಲಿಂದ ಬರಬೇಕು? ಅರಿವಳಿಕೆ, ಸೋಂಕು, ಫಿಟ್ಸ್ ಹೆಚ್ಚಾಗುವ ಅಪಾಯ ಮಾತ್ರ ಉಳಿಯುತ್ತದೆ. ಹೊಂದಿಸಿದ ದುಡ್ಡು ತರಬೇತಿಗೆ, ಓಡಾಟಕ್ಕೆ ಬೇಕಾಗುತ್ತದೆ, ಇಟ್ಟುಕೊಳ್ಳಿ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಮಾಡಿಸಿಲ್ಲದಿದ್ದರೆ ಮಾಡಿಸಿ. ಅದಾದ ಮೇಲೆ ನಿರಾಮಯ ಎಂಬ ಸರ್ಕಾರಿ ಆರೋಗ್ಯ ವಿಮೆಗೆ ಅರ್ಜಿ ಹಾಕಬಹುದು, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಆಟಿಸಂ ಇರುವ ಮಕ್ಕಳಿಗೂ ಇದೆ.

ಇನ್ನು ಊರವರ ಮಾತು. ನಿಮ್ಮಿಬ್ಬರ ರಕ್ತದಲ್ಲೂ ಈ ದೋಷ ಇಲ್ಲ ಎಂದು ರಿಪೋರ್ಟೇ ಹೇಳಿದೆ. ಇದು ಮಗಳಲ್ಲಿ ಹೊಸದಾಗಿ ಆದದ್ದು, ಸಂಬಂಧದ ಮದುವೆಯಿಂದ ಬಂದದ್ದಲ್ಲ. ಸಂಬಂಧದಲ್ಲಿ ಮದುವೆಯಾದಾಗ ಹೆಚ್ಚುವ ಅಪಾಯ ಬೇರೆ ಬಗೆಯದು. ತಂದೆ ತಾಯಿ ಇಬ್ಬರಲ್ಲೂ ಒಂದೇ ಕೆಟ್ಟ ಜೀನ್ ಸದ್ದಿಲ್ಲದೆ ಇದ್ದು, ಎರಡೂ ಮಗುವಿನಲ್ಲಿ ಕೂಡಿದಾಗ ಬರುವ ಕಾಯಿಲೆಗಳು ಅವು. ಸಿನ್‌ಗ್ಯಾಪ್-1ಕ್ಕೆ ಒಂದು ಪ್ರತಿ ಕೆಟ್ಟರೇ ಸಾಕು. ದೂರದ ಸಂಬಂಧವೂ ಇಲ್ಲದ ದಂಪತಿಗಳಿಗೂ ಇಂಥ ಮಕ್ಕಳು ಹುಟ್ಟುತ್ತಾರೆ. ಇದನ್ನು ಆಡಿಕೊಳ್ಳುವವರ ಮುಂದೆ ಧೈರ್ಯವಾಗಿ ಹೇಳಿ.

ಆದರೂ ಇನ್ನೊಂದು ಮಗುವಿನ ಯೋಚನೆ ಬಂದಾಗ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇದೇ ಕಾಯಿಲೆ ಮತ್ತೆ ಬರುವ ಸಾಧ್ಯತೆ ತುಂಬಾ ಕಡಿಮೆ, ಸುಮಾರು ನೂರಕ್ಕೆ ಒಂದು ಎಂದು ಹೇಳುತ್ತೇವೆ. ಪೂರ್ತಿ ಸೊನ್ನೆ ಅನ್ನುವುದಿಲ್ಲ, ಯಾಕೆಂದರೆ ರಕ್ತದಲ್ಲಿ ಕಾಣದ ದೋಷ ಅಪರೂಪಕ್ಕೆ ಅಂಡಾಣುಗಳಲ್ಲೋ ವೀರ್ಯಾಣುಗಳಲ್ಲೋ ಕೆಲವದರಲ್ಲಿ ಇರಬಹುದು. ಮಗಳಲ್ಲಿ ಯಾವ ಅಕ್ಷರ ತಪ್ಪಿದೆ ಎಂದು ಗೊತ್ತಿರುವುದರಿಂದ ಗರ್ಭದಲ್ಲೇ ಪರೀಕ್ಷೆ ಸಾಧ್ಯ. 11ನೇ ವಾರದ ನಂತರ ಗರ್ಭದೊಳಗಿನ ಮಾಸಿನ ಚೂರು ತೆಗೆದು, ಇಲ್ಲವೇ 16ನೇ ವಾರದ ನಂತರ ಗರ್ಭದ ನೀರು ತೆಗೆದು ನೋಡುತ್ತಾರೆ. ನೀವು ಸೋದರಮಾವ, ಅಕ್ಕನ ಮಗಳು ಆಗಿರುವುದರಿಂದ, ಇಬ್ಬರಲ್ಲೂ ಸದ್ದಿಲ್ಲದೆ ಇರುವ ಬೇರೆ ಜೀನ್ ದೋಷಗಳ ಪರೀಕ್ಷೆಯನ್ನೂ ಆಗಲೇ ಮಾಡಿಸುವುದು ಒಳ್ಳೆಯದು. ಇದೆಲ್ಲಕ್ಕೆ ಬೆಂಗಳೂರಿನ ಮಾನವ ತಳಿಶಾಸ್ತ್ರ ಕೇಂದ್ರದಲ್ಲಿ ಅಥವಾ ನಿಮ್ಮನ್ನು ಈಗ ನೋಡುತ್ತಿರುವ ಕಡೆಯೇ ಜೆನೆಟಿಕ್ ಸಲಹೆ ಕೇಳಿ. ಗರ್ಭ ನಿಂತ ಮೇಲೆ ಹೋದರೆ ವಾರಗಳು ರಿಪೋರ್ಟಿಗೆ ಕಾಯುವುದರಲ್ಲೇ ಕಳೆದುಹೋಗುತ್ತವೆ. ಮೂರು ನಾಲ್ಕು ತಿಂಗಳು ಮೊದಲೇ ಹೋಗಿ, ಹೋಗುವಾಗ ಮಗಳ ಜೀನ್ ರಿಪೋರ್ಟಿನ ಎಲ್ಲ ಪುಟ, ನಿಮ್ಮಿಬ್ಬರ ರಕ್ತದ ರಿಪೋರ್ಟ್, ನೋಟ್‌ಬುಕ್ ಮತ್ತು ಆ ಊಟದ ವಿಡಿಯೋ ತೆಗೆದುಕೊಂಡು ಹೋಗಿ.